ಧನುರ್ಮಾಸದ ಚಳಿಯಲ್ಲಿ ಮನೆಯ ಹಿರಿಯರ ಆರೈಕೆ ಹೇಗೆ?

ಧನುರ್ಮಾಸ ಹಿಡಿದರೆ ಮೈಸೂರಿನಲ್ಲಿ ನಸುಕಿನ ಉಷ್ಣಾಂಶ 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಮಂಡ್ಯದ ನಾಲೆ ಬಯಲಿನ ಊರುಗಳಲ್ಲಿ ಮಂಜೂ ಸೇರಿ ಚಳಿ ಇನ್ನಷ್ಟು ಕೊರೆಯುತ್ತದೆ. ನಮಗಿದು ಹಿತವಾದ ಚಳಿಯೇ ಇರಬಹುದು. ಆದರೆ ವಯಸ್ಸಾದವರ ಮೈ ಬೇಗ ಶಾಖ ಕಳೆದುಕೊಳ್ಳುತ್ತದೆ, ಕೆಲವರಿಗೆ ನಡುಕವೂ ಬರುವುದಿಲ್ಲ. ಗಾಲಿಕುರ್ಚಿಯಲ್ಲಿ ಇರುವವರ ಕಾಲಿನ ಸ್ನಾಯುಗಳು ಆಡದ ಕಾರಣ ಅಲ್ಲಿ ಶಾಖ ಹುಟ್ಟುವುದೇ ಕಡಿಮೆ.

ಮೊದಲ ಎಚ್ಚರ ಏಳುವ ಹೊತ್ತಿನದು. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುವುದರಿಂದ, ಹೊದಿಕೆ ಸರಿಸಿದ ಕೂಡಲೇ ನಿಲ್ಲದೆ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕುಳಿತು, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಸ್ವೆಟರ್ ತೊಟ್ಟು ಏಳಬೇಕು. ಬರಿಯ ಕಾಲುಚೀಲದಲ್ಲಿ ನಯವಾದ ಕೆಂಪು ಗಾರೆಯ ನೆಲದ ಮೇಲೆ ನಡೆದರೆ ಜಾರುವುದು ಖಂಡಿತ. ಹಿಡಿತವಿರುವ ರಬ್ಬರ್ ಚಪ್ಪಲಿ ಮಂಚದ ಪಕ್ಕದಲ್ಲೇ ಇರಲಿ. ಪೂಜೆ ಬಿಡಿ ಎಂದು ಹಿರಿಯರಿಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಕುಲಾವಿ, ಶಾಲು ಹೊದಿಸಿ, ಕೈಹಿಡಿದು ದೇವಸ್ಥಾನಕ್ಕೆ ಕರೆದೊಯ್ಯಿರಿ.

ಮೈ ಕಾಯಿಸುವ ವಿಚಾರದಲ್ಲೇ ಹೆಚ್ಚಿನ ಅಪಾಯವಿದೆ. ಬಾಂಡಲಿಯಲ್ಲಿ ಕೆಂಡ ತುಂಬಿ, ಕಿಟಕಿ ಬಾಗಿಲು ಮುಚ್ಚಿ ಮಲಗುವ ರೂಢಿಯನ್ನು ಇಂದೇ ನಿಲ್ಲಿಸಬೇಕು, ಏಕೆಂದರೆ ಇದ್ದಿಲಿನಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರಿಗೆ ಅದು ತಿಳಿಯುವುದೇ ಇಲ್ಲ. ಗ್ಯಾಸ್ ಗೀಸರ್‌ನಿಂದಲೂ ಇದೇ ಅನಿಲ ಬರುವುದರಿಂದ ಅದನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಅಳವಡಿಸಿ.

ಲಕ್ವ ಹೊಡೆದವರು, ಬೆನ್ನುಹುರಿಗೆ ಪೆಟ್ಟಾದವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಇವರಿಗೆಲ್ಲ ಸುಟ್ಟರೂ ನೋವು ಗೊತ್ತಾಗದೆ ಇರಬಹುದು. ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಹಾಸಿಗೆ ಬೆಚ್ಚಗೆ ಮಾಡಿ, ಅವರು ಮಲಗುವ ಮುನ್ನ ತೆಗೆದುಬಿಡಿ. ಸ್ನಾನದ ನೀರನ್ನು ಆರೈಕೆ ಮಾಡುವವರು ತಮ್ಮ ಮೊಣಕೈ ಅದ್ದಿ ನೋಡಬೇಕು: ಹದ ಬೆಚ್ಚಗಿದ್ದರೆ ಸಾಕು, ಸುರುಕ್ಕೆನ್ನಬಾರದು. ಮೈ ಒರೆಸಿದ ಮೇಲೆ ಕಾಲ್ಬೆರಳ ಸಂದಿ, ಹಿಮ್ಮಡಿ, ಕುಂಡಿಯ ಚರ್ಮವನ್ನು ಬೆಳಕಿನಲ್ಲಿ ನೋಡಿ. ಕೆಂಪು ಕಲೆಯಾಗಲಿ, ಬೊಬ್ಬೆಯಾಗಲಿ ಕಂಡರೆ ವೈದ್ಯರಿಗೆ ತೋರಿಸಿ.

ಚಳಿಗಾಲದಲ್ಲಿ ಬಾಯಾರಿಕೆ ಕಡಿಮೆ. ಬಿಸಿ ಅಂಬಲಿ, ಹುರುಳಿ ಸಾರು, ಬೆಚ್ಚಗಿನ ನೀರನ್ನು ಆಗಾಗ ಕೊಡುತ್ತಿರಿ.

ಮಾತು ತೊದಲುವುದು, ಮಂಪರು, ಗೊಂದಲ, ಬಟ್ಟೆಯೊಳಗಿನ ಹೊಟ್ಟೆಯೂ ತಣ್ಣಗಿರುವುದು, ಇವು ದೇಹದ ಉಷ್ಣಾಂಶ 35 ಡಿಗ್ರಿಗಿಂತ ಇಳಿದಿರುವ ಸೂಚನೆಯಾಗಿರಬಹುದು. ತಡಮಾಡದೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಒದ್ದೆ ಬಟ್ಟೆ ತೆಗೆದು, ಎದೆ, ಕುತ್ತಿಗೆ, ತಲೆಗೆ ಒಣ ಕಂಬಳಿ ಹೊದಿಸಿ. ಕೈಕಾಲು ತಿಕ್ಕಬೇಡಿ, ಪೂರ್ಣ ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.