ಟೈರು ಹಾಕಿಸುವ ಮೊದಲೇ ವಾರಂಟಿ ಕೇಳಿ: ನನ್ನ ಅನುಭವ

ನಾನು ಹಾಸನದಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಸ್ವಂತ ಗಾಡಿ, ಹಳದಿ ಬೋರ್ಡಿನ ಡಿಜೈರ್. ವಾರಕ್ಕೆ ಎರಡು ಸಲವಾದರೂ ಶಿರಾಡಿ ಘಾಟಿ ಇಳಿದು ಮಂಗಳೂರು ಏರ್‌ಪೋರ್ಟಿಗೆ ಹೋಗಿ ಬರುತ್ತೇನೆ. ಮಳೆಗಾಲದಲ್ಲಿ ಆ ದಾರಿ ಹೇಗಿರುತ್ತದೆ ಅಂತ ಓಡಾಡಿದವರಿಗೆ ಗೊತ್ತು.

ಒಂದು ಜುಲೈ ರಾತ್ರಿ, ಸಕಲೇಶಪುರ ದಾಟಿದ ಮೇಲೆ, ನೀರು ತುಂಬಿದ ಗುಂಡಿಗೆ ಎಡಗಡೆಯ ಮುಂದಿನ ಚಕ್ರ ಇಳಿಯಿತು. ದಢ್ ಅಂತ ಸದ್ದು. ಗಾಳಿ ಹೋಗಲಿಲ್ಲ, ಹಾಗಾಗಿ ಮುಂದೆ ಹೋದೆ. ಬೆಳಿಗ್ಗೆ ಗಾಡಿ ತೊಳೆಯುವಾಗ ನೋಡಿದರೆ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಟೈರು ಹಾಕಿಸಿ ಮೂರೇ ತಿಂಗಳಾಗಿತ್ತು. ಕೊಡುವಾಗ ಅಂಗಡಿಯವರು "ಐದು ವರ್ಷ ವಾರಂಟಿ ಅಣ್ಣ, ಯೋಚನೆನೇ ಬೇಡ" ಅಂದಿದ್ದರು. ಧೈರ್ಯವಾಗಿ ತೆಗೆದುಕೊಂಡು ಹೋದೆ. ಒಂದು ನಿಮಿಷ ನೋಡಿ, "ಇದು ಗುಂಡಿಗೆ ಬಿದ್ದು ಆಗಿರೋದು, ವಾರಂಟಿಗೆ ಬರಲ್ಲ" ಅಂದುಬಿಟ್ಟರು.

ಅವತ್ತು ತುಂಬಾ ಸಿಟ್ಟು ಬಂತು. ಆದರೆ ಮನೆಗೆ ಬಂದು ವಾರಂಟಿ ಕಾರ್ಡು ಪೂರ್ತಿ ಓದಿದೆ. ಅವರು ಹೇಳಿದ್ದು ಸರಿಯಾಗಿತ್ತು. ಐದು ವರ್ಷದ ವಾರಂಟಿ ಇದ್ದದ್ದು ತಯಾರಿಕೆಯ ದೋಷಕ್ಕೆ ಮಾತ್ರ. ಟೈರಿನ ಪಕ್ಕದ ರಬ್ಬರಿನೊಳಗೆ ದಾರದ ಪದರ ಇರುತ್ತದೆ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರು ಜಜ್ಜಿಕೊಂಡಾಗ ಆ ದಾರ ಕಡಿದುಹೋಗುತ್ತದೆ. ಕಡಿದ ಜಾಗದಲ್ಲಿ ಒಳಗಿನ ಗಾಳಿ ರಬ್ಬರನ್ನು ಹೊರಗೆ ತಳ್ಳುತ್ತದೆ. ಅದೇ ಉಬ್ಬು. ಕಂಪನಿಯ ದೃಷ್ಟಿಯಲ್ಲಿ ಅದು ರಸ್ತೆಯಿಂದ ಆದ ಪೆಟ್ಟು. ನಮ್ಮ ರಸ್ತೆಗಳಲ್ಲಿ ಟೈರು ಜಾಸ್ತಿ ಹಾಳಾಗುವುದೇ ಹೀಗೆ, ಅಲ್ವಾ? ಮಾಮೂಲಿ ವಾರಂಟಿ ಅದಕ್ಕೇ ಇಲ್ಲ.

ಕೆಲವು ಕಂಪನಿಗಳು ಕೆಲವು ಮಾಡೆಲ್‌ಗಳಿಗೆ 'ಅನ್‌ಕಂಡೀಷನಲ್ ವಾರಂಟಿ' ಅಂತ ಬೇರೆಯಾಗಿ ಕೊಡುತ್ತವೆ. ಅದರಲ್ಲಿ ಉಬ್ಬು, ಕಡಿತ ಇಂಥವೂ ಸೇರುತ್ತವೆ. ಆದರೆ ಹೆಸರು ನೋಡಿ ಷರತ್ತೇ ಇಲ್ಲ ಅಂದುಕೊಳ್ಳಬೇಡಿ. ಟೈರು ಕೊಂಡು ಇಷ್ಟು ದಿನದೊಳಗೆ ಹೆಸರು ನೋಂದಾಯಿಸಬೇಕು ಅಂತ ಇರುತ್ತದೆ. ಅವಧಿಯೂ ಕಡಿಮೆ. ನಾನು ಓದಿದ ಒಂದು ಯೋಜನೆಯಲ್ಲಿ ಸ್ವಂತ ಬಳಕೆಯ ಬಿಳಿ ಬೋರ್ಡಿನ ಗಾಡಿಗೆ ಮಾತ್ರ ಅಂತ ಬರೆದಿತ್ತು. ನನ್ನಂಥ ಟ್ಯಾಕ್ಸಿಯವನಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಳದಿ ಬೋರ್ಡಿನವರು ದಯವಿಟ್ಟು ಈ ಪ್ರಶ್ನೆಯನ್ನು ಮೊದಲೇ ಕೇಳಿ.

ಮುಂದೆ ನಾಲ್ಕೂ ಟೈರು ಬದಲಿಸುವ ಹೊತ್ತಿಗೆ ನಾನು ಬೇರೆ ರೀತಿಯಲ್ಲಿ ಅಂಗಡಿಗೆ ಹೋದೆ. ರೇಟು ಕೇಳುವ ಮೊದಲು ತಯಾರಾದ ತಾರೀಖು ನೋಡಿದೆ. ಟೈರಿನ ಪಕ್ಕದಲ್ಲಿ ಡಿಓಟಿ ಅಂತ ಇಂಗ್ಲಿಷಿನಲ್ಲಿ ಶುರುವಾಗುವ ಸಾಲಿರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಬೇಕು. 3523 ಅಂತ ಇದ್ದರೆ 2023ರ 35ನೇ ವಾರ, ಅಂದರೆ ಆಗಸ್ಟ್ ಕೊನೆ. ಈ ನಾಲ್ಕು ಅಂಕಿ ಟೈರಿನ ಒಂದೇ ಬದಿಯಲ್ಲಿ ಇರಬಹುದು. ಕಾಣದಿದ್ದರೆ ತಿರುಗಿಸಿ ನೋಡಿ. ರಿಮ್ಮಿಗೆ ಹಾಕಿದ ಮೇಲೆ ಒಳಬದಿಗೆ ಹೋಗಿಬಿಟ್ಟರೆ ಗಾಡಿಯ ಕೆಳಗೆ ಮಲಗಿ ನೋಡಬೇಕಾಗುತ್ತದೆ.

ತಾರೀಖು ಯಾಕೆ ಮುಖ್ಯ ಅಂದರೆ, ವಾರಂಟಿಯ ಲೆಕ್ಕ ಎಲ್ಲಿಂದ ಶುರು ಅನ್ನುವುದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ನಾನು ಕೊಂಡ ಟೈರಿಗೆ ಬಿಲ್ಲು ಇದ್ದರೆ ಕೊಂಡ ದಿನದಿಂದ, ಇಲ್ಲದಿದ್ದರೆ ತಯಾರಾದ ವಾರದಿಂದ. ಅಂಗಡಿಯಲ್ಲಿ ಒಂದೂವರೆ ವರ್ಷ ಕೂತಿದ್ದ ಟೈರನ್ನು ಬಿಲ್ಲಿಲ್ಲದೆ ತಂದರೆ ಅಷ್ಟೂ ವಾರಂಟಿ ಹೋದ ಹಾಗೆ. "ಬಿಲ್ಲು ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ" ಅನ್ನುವ ಮಾತು ಟೈರು ಅಂಗಡಿಯಲ್ಲಿ ನೀವೂ ಕೇಳಿರುತ್ತೀರಿ. ಮೊದಲು ಟೈರಿಗೆ ಶೇ. 28 ಜಿಎಸ್‌ಟಿ ಇತ್ತು, ಆ ಆಸೆ ಅರ್ಥವಾಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18 ಆಗಿದೆ. ಏನೇ ಇರಲಿ, ಆ ಉಳಿತಾಯ ಬೇಡ. ಬಿಲ್ಲಿನಲ್ಲಿ ಸುಮ್ನೆ 'ಟೈರು 4' ಅಂತ ಬರೆದರೂ ಸಾಲದು. ಟೈರಿನ ಹೆಸರು, ಸೈಜು, ನಾಲ್ಕೂ ಟೈರಿನ ಸೀರಿಯಲ್ ನಂಬರು, ಗಾಡಿ ನಂಬರು, ಅವತ್ತಿನ ಕಿಲೋಮೀಟರು, ಇಷ್ಟನ್ನೂ ಬರೆಸಿದೆ. ಅಂಗಡಿಯ ಹುಡುಗ ಸ್ವಲ್ಪ ಬೇಸರ ಮಾಡಿಕೊಂಡ. ನಾನು ನಿಂತು ಬರೆಸಿಕೊಂಡೇ ಬಂದೆ.

ಸೈಜಿನ ವಿಷಯ ಒಂದು ಮಾತು. ನನ್ನ ಗಾಡಿಗೆ ಬರುವುದು 165/80 ಆರ್14, ಅದರ ಮುಂದೆ 85ಟಿ. 85 ಅಂದರೆ ಒಂದು ಟೈರು 515 ಕೆ.ಜಿ. ಹೊರಬಲ್ಲದು, ಟಿ ಅಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ. ಚಂದ ಕಾಣಲಿ ಅಂತ ಅಗಲದ ಟೈರು ಹಾಕಿಸುವವರು, ಅಥವಾ ಭಾರ ಕಡಿಮೆ ಹೊರುವ ಟೈರು ಹಾಕಿಸುವವರು, ಆಮೇಲೆ ವಾರಂಟಿ ಕೇಳಿದರೆ ಕಂಪನಿಗೆ ಬೇಡ ಅನ್ನಲು ಅದೇ ಒಂದು ಕಾರಣ ಸಿಗುತ್ತದೆ.

ಈ ತಯಾರಿ ನನ್ನ ಕೈ ಹಿಡಿದದ್ದು ಸುಮಾರು 20,000 ಕಿ.ಮೀ. ಓಡಿದ ಮೇಲೆ. ಎಂಬತ್ತರ ವೇಗದಲ್ಲಿ ಸ್ಟೇರಿಂಗ್ ಅದುರತೊಡಗಿತು. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಮಾಡಿಸಿದೆ, ಹೋಗಲಿಲ್ಲ. ಮುಂದಿನ ಟೈರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿದೆ. ಈಗ ಸ್ಟೇರಿಂಗ್ ಸುಮ್ಮನಾಯಿತು, ಸೀಟು ಅದುರತೊಡಗಿತು. ಅಲ್ಲಿಗೆ ಗೊತ್ತಾಯಿತು, ತೊಂದರೆ ಗಾಡಿಯದಲ್ಲ, ಟೈರಿನದು. ಬಿಚ್ಚಿಸಿ ಅಂಗೈಯನ್ನು ಟ್ರೆಡ್ ಮೇಲೆ, ಅಂದರೆ ರಸ್ತೆಗೆ ತಾಗುವ ಗೆರೆಗಳಿರುವ ಭಾಗದ ಮೇಲೆ, ಸುತ್ತಲೂ ಆಡಿಸಿದೆ. ಒಂದು ಕಡೆ ಎತ್ತರವಾಗಿತ್ತು. ಒಳಗೆ ಉಕ್ಕಿನ ತಂತಿಯ ಪಟ್ಟಿ ರಬ್ಬರಿನಿಂದ ಬಿಡುತ್ತಿತ್ತು. ಅಂಥ ಟೈರಿನಲ್ಲಿ ಓಡಿಸಬಾರದು, ವೇಗದಲ್ಲಿದ್ದಾಗ ಟ್ರೆಡ್ ಕಿತ್ತು ಬರಬಹುದು. ಅವತ್ತೇ ಸ್ಟೆಪ್ನಿ ಹಾಕಿಕೊಂಡು ಟೈರನ್ನು ಅಂಗಡಿಗೆ ಕೊಟ್ಟೆ.

ಅವರು ಕ್ಲೇಮ್ ಫಾರಂ ತುಂಬಿದರು. ಅದರ ಒಂದು ಪ್ರತಿ ಕೇಳಿ ಇಟ್ಟುಕೊಂಡೆ. ಕೆಲವು ದಿನ ಬಿಟ್ಟು ಕಂಪನಿಯ ಇಂಜಿನಿಯರ್ ಬಂದರು. ಅವರು ಮೊದಲು ನೋಡಿದ್ದು ಹೊರಗಿನ ಉಬ್ಬನ್ನಲ್ಲ, ಟೈರಿನ ಒಳಭಾಗವನ್ನು. ಟಾರ್ಚು ಹಾಕಿ ಬೆರಳಿನಿಂದ ಸುತ್ತಲೂ ಉಜ್ಜಿದರು. ಗಾಳಿ ಕಡಿಮೆ ಇಟ್ಟು ಓಡಿಸಿದರೆ ಪಕ್ಕದ ಗೋಡೆ ಮಡಚಿ ಮಡಚಿ ಒಳಗೆ ಕಪ್ಪು ಗೆರೆ ಬೀಳುತ್ತದೆ, ರಬ್ಬರ್ ಪುಡಿ ಉದುರುತ್ತದೆ. ಅದು ಕಂಡರೆ ಕ್ಲೇಮ್ ಅಲ್ಲಿಗೇ ಮುಗಿಯಿತು. ಪಂಕ್ಚರ್ ಆದಾಗ "ಇನ್ನೊಂದು ಕಿಲೋಮೀಟರು ತಾನೆ" ಅಂತ ಗಾಳಿ ಇಲ್ಲದೆ ಓಡಿಸುತ್ತೇವಲ್ಲ, ಅದರ ಗುರುತೂ ಹೀಗೇ ಉಳಿಯುತ್ತದೆ. ಪಂಕ್ಚರ್ ಎಲ್ಲಿ ಹಾಕಿಸಿದ್ದೀರಿ ಅಂತಲೂ ಕೇಳಿದರು. ಅದಕ್ಕೇ ಪಕ್ಕದ ಗೋಡೆಗೆ ಪಂಕ್ಚರ್ ಹಾಕಿಸಬೇಡಿ. ಆ ಜಾಗ ರಿಪೇರಿಗೆ ನಿಲ್ಲುವುದೂ ಇಲ್ಲ. ನಾನು ವಾರಕ್ಕೊಮ್ಮೆ ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ಗಾಳಿ ನೋಡಿಸುತ್ತೇನೆ. ಪ್ರತಿ 5,000 ಕಿ.ಮೀ.ಗೆ ಅಲೈನ್‌ಮೆಂಟ್ ಮಾಡಿಸಿದ ರಸೀದಿಗಳೂ ಇದ್ದವು. ಕ್ಲೇಮ್ ಒಪ್ಪಿಗೆಯಾಯಿತು.

ಒಪ್ಪಿಗೆ ಅಂದರೆ ಪುಕ್ಕಟೆ ಟೈರು ಅಲ್ಲ. ಇದನ್ನು ಕೊಳ್ಳುವಾಗ ಯಾರೂ ಹೇಳುವುದಿಲ್ಲ. ಎಷ್ಟು ಸವೆಸಿದ್ದೇವೋ ಅಷ್ಟರ ದುಡ್ಡು ನಾವು ಕೊಡಬೇಕು. ನನ್ನ ಟೈರಿನ ಟ್ರೆಡ್ ಹೊಸದರಲ್ಲಿ 8 ಮಿ.ಮೀ. ಆಳ ಇತ್ತು. 1.6 ಮಿ.ಮೀ.ಗೆ ಬಂದರೆ ಟೈರು ಮುಗಿದ ಲೆಕ್ಕ. ಅದನ್ನು ತೋರಿಸಲು ಗೆರೆಗಳ ಮಧ್ಯೆ ಸಣ್ಣ ದಿಣ್ಣೆ ಇರುತ್ತದೆ. ಅಂದರೆ ಬಳಕೆಗೆ ಸಿಗುವುದು 6.4 ಮಿ.ಮೀ. ಗೇಜಿಟ್ಟು ಅಳೆದಾಗ 5.6 ಉಳಿದಿತ್ತು, 2.4 ಸವೆದಿತ್ತು. 6.4ರಲ್ಲಿ 2.4 ಅಂದರೆ ಶೇ. 37.5. ಟೈರಿನ ಬೆಲೆ 4,000 ರೂಪಾಯಿ, ನನ್ನ ಪಾಲು 1,500. ಫಿಟಿಂಗ್, ಬ್ಯಾಲೆನ್ಸಿಂಗ್ ಬೇರೆ. ಅರ್ಧಕ್ಕಿಂತ ಜಾಸ್ತಿ ಉಳಿಯಿತು. ಅದೇ ಟೈರು ದಿಣ್ಣೆ ಮಟ್ಟಕ್ಕೆ ಸವೆದಿದ್ದರೆ, ಐದು ವರ್ಷ ಆಗದಿದ್ದರೂ ಏನೂ ಸಿಗುತ್ತಿರಲಿಲ್ಲ. ವರ್ಷದ ಲೆಕ್ಕಕ್ಕಿಂತ ಟ್ರೆಡ್ ಲೆಕ್ಕ ದೊಡ್ಡದು. ತಿಂಗಳಿಗೆ ನಾಲ್ಕೈದು ಸಾವಿರ ಕಿ.ಮೀ. ಓಡಿಸುವ ನಮಗಂತೂ ಇನ್ನೂ ದೊಡ್ಡದು.

ಹೊಸ ಕಾರು ಕೊಂಡವರಿಗೂ ಇದು ಗೊತ್ತಿರಲಿ. ಕಾರಿನ ವಾರಂಟಿಯಲ್ಲಿ ಸಾಮಾನ್ಯವಾಗಿ ಟೈರು ಸೇರುವುದಿಲ್ಲ, ಟೈರಿನ ಕಂಪನಿಯನ್ನೇ ಕೇಳಬೇಕು. ಕ್ಲೇಮ್ ಬೇಡ ಅಂದರೆ ಕಾರಣವನ್ನು ಬರೆದುಕೊಡಿ ಅನ್ನಿ. ಆ ಕಾರಣ ಸರಿ ಅನ್ನಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಹಳೆಯ ಟೈರನ್ನು ಕಂಪನಿಯೇ ಇಟ್ಟುಕೊಂಡಿತು. ಹೊಸದನ್ನು ರಿಮ್ಮಿಗೆ ಹಾಕುವ ಮೊದಲು ತಾರೀಖು ನೋಡಿದೆ, ನಂಬರಿನ ಫೋಟೋ ತೆಗೆದೆ. ಆಮೇಲೆ, ಬದಲಿಗೆ ಬಂದ ಈ ಟೈರಿಗೆ ವಾರಂಟಿ ಯಾವತ್ತಿಂದ ಶುರು ಅಂತ ಕೇಳಿದೆ. ಅಂಗಡಿಯವರಿಗೂ ಗೊತ್ತಿರಲಿಲ್ಲ. ಕಂಪನಿಗೆ ಫೋನ್ ಮಾಡಿ ವಿಚಾರಿಸಿ, ಬಿಲ್ಲಿನ ಮೇಲೆಯೇ ಬರೆದು ಸೀಲು ಒತ್ತಿ ಕೊಟ್ಟರು.