ಫಂಡ್‌ರೈಸರ್ ಸೇಲಲ್ಲಿ ಕನ್ಸಲ್ಟಂಟ್ ಕೈಗೆ ಎಷ್ಟು ಕಮಿಷನ್ ಉಳಿಯತ್ತೆ, ಹೂಂ ಅನ್ನೋಕೆ ಮುಂಚೆ ಲೆಕ್ಕ ಹಾಕೋದು ಹೇಗೆ

ಡೈರೆಕ್ಟ್ ಸೇಲ್ಸ್‌ಗೆ, ಅಂದ್ರೆ ಅಂಗಡಿ ಇಲ್ಲದೆ ಕಂಪನಿ ಸಾಮಾನನ್ನ ಕಮಿಷನ್ ಮೇಲೆ ಜನರಿಗೆ ನೇರವಾಗಿ ಮಾರೋ ಕನ್ಸಲ್ಟಂಟ್ ಕೆಲಸಕ್ಕೆ, ಹೊಸದಾಗಿ ಸೇರಿದವರು ನನ್ನ ಹತ್ರ ತುಂಬಾ ಸಲ ಕೇಳೋದು ಇದನ್ನೇ. ಯಾವುದೋ ಸ್ಕೂಲ್ ಟೀಮೋ ಸಂಘನೋ ಬಂದು ನಮಗೆ ದುಡ್ಡು ಕೂಡಿಸೋಕೆ ಒಂದು ಫಂಡ್‌ರೈಸರ್ ಸೇಲ್ ಮಾಡ್ಕೊಡಿ ಅಂತಾರೆ, ಒಳ್ಳೆ ಕೆಲಸ ಅಲ್ವಾ ಅಂತ ನಾವೂ ಒಪ್ಕೊಂಡ್ಬಿಡ್ತೀವಿ, ವಾರಗಟ್ಲೆ ಓಡಾಡಿ ದೊಡ್ಡ ಸೇಲ್ ಆಗತ್ತೆ, ಆಮೇಲೆ ಕಮಿಷನ್ ಸ್ಟೇಟ್‌ಮೆಂಟ್ ತೆಗೆದು ನೋಡಿದ್ರೆ ಮಾಮೂಲಿ ಪಾರ್ಟಿಯಲ್ಲಿ (ಒಬ್ಬರ ಮನೆಯಲ್ಲಿ ಜನ ಸೇರಿಸಿ ಸಾಮಾನು ತೋರಿಸಿ ಮಾರೋದು) ಬರೋದರ ಅರ್ಧನೂ ಇರಲ್ಲ. ಲೆಕ್ಕ ತಪ್ಪಾಗಿದೆ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡೋರೂ ಇದ್ದಾರೆ. ತಪ್ಪಾಗಿರಲ್ಲ, ಫಂಡ್‌ರೈಸರ್ ಲೆಕ್ಕನೇ ಬೇರೆ ಥರ ಇರತ್ತೆ, ಅದನ್ನ ನಮಗೆ ಯಾರೂ ಮೊದಲೇ ಕೂರಿಸ್ಕೊಂಡು ಹೇಳಿಕೊಟ್ಟಿರಲ್ಲ ಅಷ್ಟೆ.

ಮೊದಲು ಸಂಘಕ್ಕೆ ಕೊಡೋ ದುಡ್ಡು ಎಲ್ಲಿಂದ ಬರತ್ತೆ ಅಂತ ನೋಡೋಣ. ಮಾಮೂಲಿ ಪಾರ್ಟಿಯಲ್ಲಿ ಎರಡು ಪಾಲು ಹೊರಗೆ ಹೋಗತ್ತೆ, ಒಂದು ನಿಮ್ಮ ಕಮಿಷನ್, ಇನ್ನೊಂದು ಪಾರ್ಟಿ ಇಟ್ಕೊಂಡ ಹೋಸ್ಟ್‌ಗೆ ಸಿಗೋ ಫ್ರೀ ಐಟಂ, ಡಿಸ್ಕೌಂಟ್ ಇತ್ಯಾದಿ. ಫಂಡ್‌ರೈಸರಲ್ಲಿ ಹೋಸ್ಟ್ ಅಂತ ಒಬ್ಬರು ಇರಲ್ಲ, ಹಾಗಾಗಿ ಆ ಪಾಲು ಸಂಘಕ್ಕೆ ಹೋಗತ್ತೆ, ಅದು ಸಾಲದು ಅಂದ್ರೆ ನಿಮ್ಮ ಕಮಿಷನ್ನಿಂದಲೂ ಒಂದು ಭಾಗ ಕಟ್ ಆಗತ್ತೆ.

ಲೆಕ್ಕಕ್ಕೆ ಒಂದು ಉದಾಹರಣೆ ತಗೊಳ್ಳಿ, ನಂಬರ್ ಸುಮ್ನೆ ಅರ್ಥ ಆಗ್ಲಿ ಅಂತ ಹಾಕ್ತಿದೀನಿ, ನಿಮ್ಮ ಕಂಪನಿದು ಬೇರೆ ಇರಬಹುದು. ಸೇಲ್ 10,000. ಮಾಮೂಲಿ ಪಾರ್ಟಿ ಆಗಿದ್ರೆ ನಿಮಗೆ 25 ಪರ್ಸೆಂಟ್ ಅಂದ್ರೆ 2,500, ಹೋಸ್ಟ್‌ಗೆ 15 ಪರ್ಸೆಂಟ್ ಅಂದ್ರೆ 1,500, ಎರಡೂ ಸೇರಿ 4,000 ಹೊರಗೆ ಹೋಯ್ತು. ಅದೇ ಸೇಲ್ ಫಂಡ್‌ರೈಸರ್ ಆದ್ರೆ ಸಂಘಕ್ಕೆ 30 ಪರ್ಸೆಂಟ್, 3,000. ಕಂಪನಿ ಹೊರಗೆ ಕೊಡೋದು ಅದೇ 4,000 ತಾನೆ, ಹಾಗಾಗಿ ನಿಮಗೆ ಉಳಿಯೋದು 1,000. ಇದನ್ನ ಒಂದ್ಸಲ ಪೇಪರ್ ಮೇಲೆ ಬರೆದು ನೋಡಿದ್ರೆ ಕಮಿಷನ್ ಯಾಕೆ ಕಮ್ಮಿ ಬಂತು ಅನ್ನೋದು ತಾನಾಗೇ ಗೊತ್ತಾಗತ್ತೆ.

ಎಲ್ಲಾ ಕಂಪನಿನೂ ಹೀಗೆ ನೇರವಾಗಿ ಪರ್ಸೆಂಟ್ ಇಳಿಸಲ್ಲ. ಕೆಲವು ಕಡೆ ನಿಮ್ಮ ಕಮಿಷನ್ ರೇಟ್ 25ರಲ್ಲೇ ಇರತ್ತೆ, ಆದ್ರೆ ಕಮಿಷನ್ ಲೆಕ್ಕ ಹಾಕೋ ವಾಲ್ಯೂಮ್, ಅಂದ್ರೆ ಲೆಕ್ಕಕ್ಕೆ ಹಿಡಿಯೋ ಸೇಲ್ ಮೊತ್ತ, ಇಳಿಸ್ತಾರೆ. 10,000 ಸೇಲ್ ಆದ್ರೂ ನಿಮ್ಮ ಲೆಕ್ಕಕ್ಕೆ ಬರೋದು 7,000, ಅದರ 25 ಪರ್ಸೆಂಟ್ 1,750. ಇದರಲ್ಲಿ ಕೈಗೆ ಸ್ವಲ್ಪ ಜಾಸ್ತಿ ಬಂದಂಗೆ ಕಾಣತ್ತೆ, ಆದ್ರೆ ತಿಂಗಳ ಟಾರ್ಗೆಟ್, ಪ್ರಮೋಷನ್, ಕಂಪನಿ ಟ್ರಿಪ್ ಗೆಲ್ಲೋ ಪಾಯಿಂಟ್ ಎಲ್ಲದಕ್ಕೂ ಆ 7,000ನೇ ಹಿಡೀತಾರಾ ಅಂತ ಕೇಳ್ಕೊಳ್ಳಿ. ನಿಮ್ಮ ಮೇಲಿನ ಅಪ್‌ಲೈನ್‌ಗೆ (ನಿಮ್ಮನ್ನ ಸೇರಿಸಿದವರಿಗೆ) ನಿಮ್ಮ ಸೇಲ್‌ನಿಂದ ಹೋಗೋ ಪಾಲು, ಅಂದ್ರೆ ಓವರ್‌ರೈಡ್, ಕೂಡ ಸಾಮಾನ್ಯವಾಗಿ ಈ ವಾಲ್ಯೂಮ್ ಮೇಲೇ ಇರತ್ತೆ, ಹಾಗಾಗಿ ಅವರಿಗೂ ನಿಯಮ ಗೊತ್ತಿರತ್ತೆ, ಮೊದಲು ಅವರನ್ನೇ ಕೇಳಿ.

ಇನ್ನೊಂದು, ಕಂಪನಿಯಲ್ಲಿ ಫಂಡ್‌ರೈಸರ್ ಪ್ರೋಗ್ರಾಂ ಅಂತನೇ ಇರಲ್ಲ, ಅಥವಾ ಇದ್ರೂ ಬೇಡ ಅಂತ ನೀವೇ ಮಾಮೂಲಿ ಆರ್ಡರ್ ಹಾಕಿ ನಿಮ್ಮ ಕಮಿಷನ್ನಿಂದ ಕೊಡ್ತೀರ. 2,500 ಬಂತು, 1,500 ಸಂಘಕ್ಕೆ ಕೊಟ್ರಿ, 1,000 ಉಳೀತು ಅಂತ ಅನ್ಸತ್ತೆ. ಇಲ್ಲಿ ಹುಷಾರು. ಕಂಪನಿ ದಾಖಲೆಯಲ್ಲಿ ನಿಮ್ಮ ಹೆಸರಿಗೆ ಬಂದಿರೋದು ಪೂರ್ತಿ 2,500, ಅದು ನಿಮ್ಮ ಆದಾಯ, ನೀವು ಕೊಟ್ಟಿದ್ದು ಬೇರೆ ವಿಷಯ. ಸಂಘದಿಂದ ರಸೀದಿ ತಗೊಂಡಿಟ್ಕೊಳ್ಳಿ, ಟ್ಯಾಕ್ಸ್ ಲೆಕ್ಕ ನೋಡೋರಿಗೆ ತೋರ್ಸಿ. ಇಷ್ಟರ ಮೇಲೆ ಕ್ಯಾಟಲಾಗ್, ಆರ್ಡರ್ ಫಾರ್ಮ್, ಸಾಮಾನು ತಲುಪಿಸೋಕೆ ಓಡಾಟ, ಇದೆಲ್ಲಾ ಆ 1,000ದಲ್ಲೇ ಹೋಗಬೇಕು. ನನ್ನ ಅಭಿಪ್ರಾಯ ಕೇಳಿದ್ರೆ ಕಂಪನಿ ಪ್ರೋಗ್ರಾಂ ಇದ್ರೆ ಅದರಲ್ಲೇ ಮಾಡಿ, ಸಂಘದ ಪಾಲು ಸಾಮಾನ್ಯವಾಗಿ ಕಂಪನಿಯಿಂದ ನೇರವಾಗಿ ಹೋಗತ್ತೆ, ಆ ಪಾಲು ನಿಮ್ಮ ಕೈ ಮೂಲಕ ಹಾದು ಹೋಗಲ್ಲ, ಅದಕ್ಕಿಂತ ನೆಮ್ಮದಿ ಬೇರೆ ಇಲ್ಲ.

ಈಗ ನನಗೇ ಏಟು ಬಿದ್ದ ಜಾಗ ಹೇಳ್ತೀನಿ, ಯಾಕಂದ್ರೆ ಹೊಸಬರು ಹೆಚ್ಚುಕಮ್ಮಿ ಎಲ್ಲರೂ ಇಲ್ಲೇ ಎಡವ್ತಾರೆ. ನನ್ನ ಮೊದಲನೇ ಫಂಡ್‌ರೈಸರ್ ಒಂದು ಸ್ಕೂಲ್ ಟೀಮಿಗೆ. 30 ಪರ್ಸೆಂಟ್ ನಿಮಗೆ ಅಂತ ಬಾಯಲ್ಲಿ ಹೇಳಿದ್ದೆ, ಯಾವುದರ 30 ಪರ್ಸೆಂಟ್ ಅಂತ ಹೇಳಿರ್ಲಿಲ್ಲ. ಕೊನೆ ದಿನ ಅವರ ಖಜಾಂಚಿ ಮೇಡಂ ಟೇಬಲ್ ಮೇಲೆ ಕವರುಗಳನ್ನೆಲ್ಲಾ ಸಾಲಾಗಿ ಇಟ್ಕೊಂಡು, ಒಂದೊಂದರ ಮೇಲೂ ಮಗುವಿನ ಹೆಸರು ಪೆನ್ಸಿಲಲ್ಲಿ ಬರೆದು, ಕ್ಯಾಲ್ಕುಲೇಟರ್ ಒತ್ತಿ ಒಟ್ಟು 11,500 ಬಂದಿದೆ, ಹಂಗಾದ್ರೆ ನಮಗೆ 3,450 ಅಂದ್ರು. ಆ 11,500ರಲ್ಲಿ 1,500 ಟ್ಯಾಕ್ಸು, ಶಿಪ್ಪಿಂಗು. ಕಂಪನಿ ಲೆಕ್ಕ ಹಿಡಿಯೋದು ಬರೀ ಸಾಮಾನಿನ ಬೆಲೆ 10,000ಕ್ಕೆ, ಕೊಡೋದು 3,000. ಮಕ್ಕಳಿಗೆ ಆಗಲೇ ಮೊತ್ತ ಹೇಳಿಬಿಟ್ಟಿದ್ರು, ಇಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಕಮ್ಮಿ ಬಿದ್ದ 450 ನಾನೇ ಹಾಕಿದೆ, ನನ್ನ 1,000ದಲ್ಲಿ 550 ಉಳೀತು. ಮಾತು ಕೊಟ್ಟಿದ್ದು ನಾನು, ಅವರ ತಪ್ಪೇನೂ ಇರ್ಲಿಲ್ಲ.

ಅವತ್ತಿಂದ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸೈನ್ ಹಾಕ್ದೆ ಶುರು ಮಾಡಲ್ಲ. ಅದರಲ್ಲಿ ಏನಿರಬೇಕು ಅಂದ್ರೆ, ಟ್ಯಾಕ್ಸ್ ಶಿಪ್ಪಿಂಗ್ ಬಿಟ್ಟು ಸಾಮಾನಿನ ಬೆಲೆ ಮೇಲೆ ಇಷ್ಟು ಪರ್ಸೆಂಟ್ ಅಂತ, ಆರ್ಡರ್ ಕೊನೆ ದಿನ ಯಾವುದು, ದುಡ್ಡು ಯಾರು ಕಲೆಕ್ಟ್ ಮಾಡೋದು, ಯಾರ ಹೆಸರಿಗೆ ಬರಬೇಕು, ಮತ್ತೆ ಕನಿಷ್ಠ ಎಷ್ಟು ಸೇಲ್ ಆಗಬೇಕು. ಈ ಕನಿಷ್ಠ ಸೇಲ್ ಮಾತು ದಯವಿಟ್ಟು ಮರೀಬೇಡಿ. ಇಂತಿಷ್ಟು ದಾಟದೇ ಇದ್ರೆ ಫಂಡ್‌ರೈಸರ್ ಅಂತನೇ ಪರಿಗಣಿಸಲ್ಲ ಅನ್ನೋ ನಿಯಮ ಹಲವು ಕಂಪನಿಗಳಲ್ಲಿ ಇರತ್ತೆ, ಮೆಟ್ಟಿಲು ಮೆಟ್ಟಿಲಾಗಿ ಪರ್ಸೆಂಟ್ ಏರೋದೂ ಇರತ್ತೆ, ಸಂಘದವರು ಮೇಲಿನ ಮೆಟ್ಟಿಲಿನ ಪರ್ಸೆಂಟನ್ನೇ ತಲೆಯಲ್ಲಿ ಇಟ್ಕೊಂಡಿರ್ತಾರೆ. ಆಫರ್ ಐಟಂ, ಹೊಸದಾಗಿ ಸೇರೋರು ಕೊಳ್ಳೋ ಕಿಟ್ ಇಂಥವು ಲೆಕ್ಕಕ್ಕೆ ಬರತ್ತಾ ಇಲ್ವಾ ಅನ್ನೋದನ್ನೂ ಆಗಲೇ ನೋಡ್ಕೊಳ್ಳಿ.

ಆರ್ಡರ್ ಹಾಕೋವಾಗ ಸಿಸ್ಟಂನಲ್ಲಿ ಮೊದಲು ಫಂಡ್‌ರೈಸರ್ ಅಂತ ಓಪನ್ ಮಾಡಿ, ಆ ಲಿಂಕನ್ನೇ ಎಲ್ಲರಿಗೂ ಕಳ್ಸಿ. ನಿಮ್ಮ ಮಾಮೂಲಿ ಲಿಂಕಲ್ಲಿ ಯಾರಾದ್ರೂ ಆರ್ಡರ್ ಮಾಡಿದ್ರೆ ಅದಕ್ಕೆ ನಿಮಗೆ ಪೂರ್ತಿ ಕಮಿಷನ್ ಬರತ್ತೆ, ಸಂಘಕ್ಕೆ ಏನೂ ಹೋಗಲ್ಲ, ಕ್ಲೋಸ್ ಆದ್ಮೇಲೆ ಬದಲಾಯಿಸೋದು ತುಂಬಾ ಕಷ್ಟ. ಹಂಗೇನಾದ್ರೂ ಆದ್ರೆ ನಾನು ಸಂಘದ ಪಾಲು ನನ್ನ ಕಡೆಯಿಂದ ಸೇರಿಸಿ ಕೊಡ್ತೀನಿ, ಕೊಂಡವರು ಮಕ್ಕಳಿಗೆ ಅಂತ ನಂಬಿ ಕೊಂಡಿರ್ತಾರೆ.

ರಿಟರ್ನ್ ಬಂದ್ರೆ ಆ ಐಟಂ ಮೇಲಿನ ಕಮಿಷನ್ ವಾಪಸ್ ಹಿಡ್ಕೊಳ್ಳೋದು ಇದ್ದದ್ದೇ, ಮುಂದಿನ ತಿಂಗಳ ಸ್ಟೇಟ್‌ಮೆಂಟಲ್ಲಿ ಮೈನಸ್ ಕಾಣ್ಸತ್ತೆ, ಹಾಗಾಗಿ ಬಂದ ದುಡ್ಡನ್ನ ತಕ್ಷಣ ಖರ್ಚು ಮಾಡ್ಬೇಡಿ.

ಇಷ್ಟು ಕಮ್ಮಿ ಉಳಿಯೋದಾದ್ರೆ ಯಾಕೆ ಮಾಡಬೇಕು ಅಂತ ಕೇಳಬಹುದು. ಒಂದು ಫಂಡ್‌ರೈಸರಲ್ಲಿ ನೀವು ಯಾವತ್ತೂ ನೋಡಿರದ ಎಷ್ಟೋ ಮನೆಗಳಿಗೆ ನಿಮ್ಮ ಕ್ಯಾಟಲಾಗ್ ಹೋಗತ್ತೆ. ಡೆಲಿವರಿ ಬ್ಯಾಗ್ ಒಳಗೆ ಥ್ಯಾಂಕ್ಸ್ ಬರೆದು ನಿಮ್ಮ ನಂಬರ್ ಇರೋ ಚೀಟಿ ಇಡಿ, ಮುಂದೆ ಮೆಸೇಜ್ ಕಳಿಸಬಹುದಾ ಅಂತ ಒಂದು ಮಾತು ಕೇಳಿ. ಹೂಂ ಅಂದೋರು ಆಮೇಲೆ ಮಾಡೋ ಆರ್ಡರೆಲ್ಲಾ ಮಾಮೂಲಿ ಆರ್ಡರ್, ಅದಕ್ಕೆ ಪೂರ್ತಿ 25 ಪರ್ಸೆಂಟ್ ನಿಮ್ಮದೇ.