ತಪ್ಪು ನನ್ನ ಎಡಗಿವಿಯದಾಗಿತ್ತು

ಹೊಸ ಇಯರ್‌ಬಡ್ಸ್ ತಂದ ಮೂರನೇ ದಿನಕ್ಕೇ ವಾಪಸ್ ಕಳಿಸೋಣ ಅಂತ ಡಬ್ಬಿ ಕಟ್ಟಿಟ್ಟಿದ್ದೆ. ಏಳು ಸಾವಿರ ಕೊಟ್ಟು ತಂದಿದ್ದು. ಮೃದಂಗ ಹಾಕಿ ಕೇಳಿದರೆ ಬಲಗಡೆಯ ಚಾಪು ಟಣ್ ಅಂತ ಬರುತ್ತಿತ್ತು, ಎಡಗಡೆಯ ದಪ್ಪ ನಾದ, ಗುಮ್ಕಿ, ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಬಾರಿಸಿದ ಹಾಗೆ. ಚಿಕ್ಕವನಿದ್ದಾಗ ಆರು ವರ್ಷ ಮೃದಂಗ ಕಲಿತಿದ್ದೇನೆ. ರವೆ ಕಲಸಿ ಮೆತ್ತಿದ ಆ ಎಡಗಡೆ ಹೇಗೆ ಗುಂಯ್ ಅನ್ನಬೇಕು ಅಂತ ಕಿವಿಗಿಂತ ಮೊದಲು ಅಂಗೈಗೇ ಗೊತ್ತು.

ಅವತ್ತು ಮನೆಗೆ ಬಂದ ತಮ್ಮ ಡಬ್ಬಿ ಬಿಚ್ಚಿ ಹಾಕಿಕೊಂಡ. ಎರಡು ನಿಮಿಷ ಕೇಳಿದ. "ಬೇಸ್ ಇಲ್ವಾ? ನನ್ನ ತಲೆಬುರುಡೆ ಅದುರ್ತಿದೆ ಕಣೋ ಅಣ್ಣ" ಅಂದ. ಅದೇ ಬಡ್ಸ್, ಅದೇ ಫೋನು, ಅದೇ ಮೃದಂಗದ ತನಿ. ಕಿವಿ ಮಾತ್ರ ಬೇರೆ.

ಮತ್ತೆ ನಾನು ಹಾಕಿಕೊಂಡು, ಸುಮ್ನೆ ಎಡಗಡೆಯದನ್ನು ಬೆರಳಲ್ಲಿ ಮೆಲ್ಲಗೆ ಒಳಕ್ಕೆ ಒತ್ತಿದೆ. ಗುಮ್ಕಿ ಬಂತು. ಬೆರಳು ತೆಗೆದೆ, ಹೋಯಿತು. ಬಲಗಡೆ ಒತ್ತಿದರೆ ಏನೂ ಬದಲಾಗಲಿಲ್ಲ. ಅಂದರೆ ಬಡ್ಸ್ ಸರಿಯಾಗಿಯೇ ಇತ್ತು. ನನ್ನ ಎಡಗಿವಿಯ ತೂತು ಬಲಗಿವಿಗಿಂತ ಸ್ವಲ್ಪ ದೊಡ್ಡದು. ನಲವತ್ತು ವರ್ಷ ಗೊತ್ತೇ ಇರಲಿಲ್ಲ.

ಬಡ್ಸಿನ ತುದಿಯ ಮೆತ್ತನೆಯ ಟೊಪ್ಪಿಗೆ ಟಿಪ್ ಅನ್ನುತ್ತಾರೆ. ಟಿಪ್ಪಿಗೂ ಕಿವಿಗೂ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಸಾಕು, ಮೊದಲು ಸೋರಿಹೋಗುವುದು ಬೇಸ್. ತೆಳ್ಳನೆಯ ಸದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಸಂಗೀತ ತಗಡಿನ ಹಾಗೆ ಕೇಳಿಸುವುದು. ಅದೇ ಸಂದಿಯಲ್ಲಿ ಹೊರಗಿನ ಗದ್ದಲವೂ ಒಳಗೆ ಬರುತ್ತದೆ. ಬಡ್ಸಿನ ನಾಯ್ಸ್ ಕ್ಯಾನ್ಸಲೇಶನ್ ಮೈಕಿನಿಂದ ಹೊರಗಿನ ಸದ್ದು ಹಿಡಿದು, ಅದಕ್ಕೆ ಉಲ್ಟಾ ಅಲೆ ನುಡಿಸಿ ಅಳಿಸಲು ಒದ್ದಾಡುತ್ತಿರುತ್ತದೆ. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಡಬ್ಬಿಯಲ್ಲಿ ಮೂರು ಅಳತೆಯ ಟಿಪ್ ಇದ್ದವು. ಎರಡೂ ಕಿವಿಗೆ ಒಂದೇ ಅಳತೆ ಹಾಕಬೇಕು ಅಂತ ಯಾರು ಹೇಳಿದರೋ, ನಾನಂತೂ ಹಾಗೇ ನಂಬಿದ್ದೆ. ಎಡಕ್ಕೆ ಲಾರ್ಜ್ ಹಾಕಿದೆ. ಬೇಸ್ ಬಂತು, ಅರ್ಧ ಗಂಟೆಗೆ ಕಿವಿಯೂ ನೋಯತೊಡಗಿತು. ಕೊನೆಗೆ ಫೋಮ್ ಟಿಪ್ ಬೇರೆಯಾಗಿ ತರಿಸಿದೆ. ಬೆರಳಲ್ಲಿ ಹಿಚುಕಿ ಒಳಗಿಟ್ಟು, ಅದು ಉಬ್ಬುವವರೆಗೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ತುಸು ಹಿಂದಕ್ಕೆ ಎಳೆದರೆ ಸಲೀಸಾಗಿ ಕೂರುತ್ತದೆ. ಬಸ್ಸಲ್ಲಿ ನಿಂತು ಹೀಗೆ ಮಾಡಿದರೆ ಜನ ನೋಡುತ್ತಾರೆ, ನೋಡಲಿ.

ಆ್ಯಪಿನಲ್ಲೂ ಫಿಟ್ ಟೆಸ್ಟ್ ಇದೆ. 2019ರಲ್ಲಿ ಏರ್‌ಪಾಡ್ಸ್ ಪ್ರೋ ಜೊತೆಗೂ ಇಂಥದ್ದೊಂದು ಬಂದಿತ್ತು, ಈಗ ಬೇರೆಯವರೂ ಕೊಡುತ್ತಾರೆ. ಒಂದು ಚೂರು ಸಂಗೀತ ನುಡಿಸಿ, ಒಳಗಿನ ಮೈಕಿನಿಂದ ಸೋರಿಕೆ ಅಳೆಯುತ್ತದೆ. ಒಳ್ಳೆಯದೇ. ಆದರೆ ಅದು ನೋಡುವುದು ನಾವು ಬೊಂಬೆಯ ಹಾಗೆ ಕೂತಿರುವ ಆ ಐದಾರು ಸೆಕೆಂಡು ಮಾತ್ರ. ದವಡೆ ಆಡಿದರೆ ಕಿವಿಯ ಒಳಗಿನ ಆಕಾರವೇ ಬದಲಾಗುತ್ತದೆ. ನನ್ನ ಪರೀಕ್ಷೆ ನಿಪ್ಪಟ್ಟು. ಬಡ್ಸ್ ಹಾಕಿಕೊಂಡು ಒಂದು ಇಡೀ ನಿಪ್ಪಟ್ಟು ತಿನ್ನುತ್ತೇನೆ. ಕರಂಕುರುಂ ಸದ್ದು ತಲೆಯೊಳಗೇ ಸಿಡಿದರೆ ಸಂದು ಮುಚ್ಚಿದೆ ಅಂತ ಅರ್ಥ. ತಿಂದು ಮುಗಿದ ಮೇಲೂ ಬೇಸ್ ಮೊದಲಿನಂತೆಯೇ ಇದ್ದರೆ ಪಾಸು.

ಇಷ್ಟಾದ ಮೇಲಷ್ಟೇ ಸೌಂಡ್ ಹೇಗಿದೆ ಅಂತ ತೀರ್ಮಾನಿಸುವುದು. ಹೊಸ ಹಾಡು ಹಾಕಿ ಪ್ರಯೋಜನ ಇಲ್ಲ. ನೂರು ಸಲ ಕೇಳಿದ್ದೇ ಬೇಕು. ನಾನು ಒಂದು ತನಿ ಆವರ್ತನ, ತಂಬೂರಿ ಶ್ರುತಿ, ಆಮೇಲೆ ಒಂದು ಕನ್ನಡ ಭಾಷಣ ಇಟ್ಟುಕೊಂಡಿದ್ದೇನೆ. ಭಾಷಣ ಯಾಕೆ ಅಂದರೆ ಸ, ಶ, ಚ ಬಂದಾಗೆಲ್ಲ ಸೂಜಿ ಚುಚ್ಚಿದ ಹಾಗಾಗುತ್ತದಾ ಅಂತ ಬೇಗ ಗೊತ್ತಾಗುತ್ತದೆ. ಎರಡು ಬಡ್ಸ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಲೇಬೇಕು. ಸ್ವಲ್ಪ ಜೋರಾಗಿ ಕೇಳಿಸಿದ್ದನ್ನೇ ಚೆನ್ನಾಗಿದೆ ಅಂತ ಮನಸ್ಸು ಒಪ್ಪಿಬಿಡುತ್ತದೆ. ಅಂಗಡಿಯಲ್ಲಿ ನಾನು ಮೋಸ ಹೋಗಿದ್ದು ಅಲ್ಲೇ. ಕ್ಯಾನ್ಸಲೇಶನ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ಕೇಳಬೇಕು, ಕೆಲವದರಲ್ಲಿ ಸೌಂಡೇ ಬದಲಾಗುತ್ತದೆ. ಬ್ಲೂಟೂತಿನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ, ಅಂದರೆ ಕೋಡೆಕ್ ಬಗ್ಗೆ ಜನ ಬಹಳ ಜಗಳ ಆಡುತ್ತಾರೆ. ಎಲ್‌ಡಿಎಸಿ ಎಂಬ ಕೋಡೆಕ್ಕಿನಲ್ಲಿ ಸೆಕೆಂಡಿಗೆ 990 ಕಿಲೋಬಿಟ್ ಹರಿಯಬಹುದು, ಸೋರುವ ಕಿವಿಗೆ ಅದರಿಂದ ಏನಾಗಬೇಕು?

ಗದ್ದಲದ ಪರೀಕ್ಷೆ ಮನೆಯಲ್ಲೇ ಶುರು. ಫ್ಯಾನಿನ ಗುಂಯ್ ಪೂರ್ತಿ ಹೋಯಿತು. ಮಿಕ್ಸಿಯ ಗುಡುಗು ಹೋಗಿ ಕಿರುಚಾಟ ಉಳಿಯಿತು. ಕುಕ್ಕರ್ ವಿಷಲ್‌ಗೆ ಏನೂ ಆಗಲಿಲ್ಲ. ಇದು ದೋಷ ಅಲ್ಲ. 1978ರಲ್ಲಿ ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ವಿಮಾನದಲ್ಲಿ ಕೂತು ಗದ್ದಲ ಅಳಿಸುವ ಲೆಕ್ಕ ಹಾಕಿದ್ದೇ ಎಂಜಿನ್ನಿನ ಮೊರೆತಕ್ಕೆ. ಒಂದೇ ಸಮನೆ ಬರುವ ದಪ್ಪ ಸದ್ದನ್ನು ಅಳಿಸುವುದು ಸುಲಭ. ಸಿಲ್ಕ್ ಬೋರ್ಡಿನ ಹಾರ್ನ್ ಹಾಗೆ ಹೇಳಿ ಕೇಳಿ ಬರುವುದಿಲ್ಲವಲ್ಲ. ಅಂಥ ಚೂಪು ಸದ್ದನ್ನು ತಡೆಯುವುದು ಹೆಚ್ಚಾಗಿ ಟಿಪ್ಪೇ. ಫೋಮ್ ಹಾಕಿದ ಮೇಲೆ ಅದೂ ಕಡಿಮೆಯಾಯಿತು.

ಮೆಟ್ರೋದಲ್ಲಿ ನೇರಳೆ ಮಾರ್ಗ ಹಿಡಿದು ಮೆಜೆಸ್ಟಿಕ್ ಕಡೆ ಹೊರಟೆ. ಎಂ.ಜಿ. ರೋಡ್ ದಾಟಿ ರೈಲು ನೆಲದೊಳಕ್ಕೆ ಇಳಿದರೆ ಸದ್ದು ಒಮ್ಮೆಲೇ ಏರುತ್ತದೆ. ಹಳೆಯ ಟಿಪ್ಪಲ್ಲಿ ಅಲ್ಲಿ ವಾಲ್ಯೂಮ್ ಹದಿನೈದು ಗೆರೆಯಲ್ಲಿ ಹನ್ನೆರಡಕ್ಕೆ ಏರಿಸುತ್ತಿದ್ದೆ. ಈಗ ಎಂಟು ಸಾಕು. ನನ್ನ ಪಾಲಿಗೆ ಈ ನಾಲ್ಕು ಗೆರೆಯೇ ಕ್ಯಾನ್ಸಲೇಶನ್ನಿನ ಮಾರ್ಕು. ಸ್ಕೂಟರ್ ಹಿಂದೆ ಕೂತಾಗ ಮಾತ್ರ ಗಾಳಿ ಮೈಕಿಗೆ ಹೊಡೆದು ಪಟಪಟ ಅನ್ನುತ್ತದೆ. ಆಫ್ ಮಾಡುತ್ತೇನೆ. ಕರೆಗೆ ಅಷ್ಟಕ್ಕಷ್ಟೇ: "ಏನೋ, ಡ್ರಮ್ಮೊಳಗಿಂದ ಮಾತಾಡ್ತಿದ್ದೀಯಾ?" ಅಂದರು ಅಮ್ಮ.

ನಡುವೆ ಒಮ್ಮೆ ಬಲಗಡೆ ಮಂಕಾಯಿತು. ಮತ್ತೆ ಬಡ್ಸನ್ನೇ ಬೈದುಕೊಂಡೆ. ನೋಡಿದರೆ ಜಾಲರಿಗೆ ಗುಗ್ಗೆ ಮೆತ್ತಿತ್ತು. ಒಣ ಬ್ರಷ್ಷಲ್ಲಿ ಉಜ್ಜಿದ ಮೇಲೆ ಸರಿಹೋಯಿತು.

ಈಗ ಎಡಕ್ಕೆ ಫೋಮ್, ಬಲಕ್ಕೆ ಮೀಡಿಯಂ ಸಿಲಿಕೋನ್. ಒಂದೇ ತಕರಾರು. ಫೋಮ್ ದಪ್ಪ ಇರುವುದರಿಂದ ಎಡಗಡೆಯದು ಕೇಸಿನಲ್ಲಿ ಸರಿಯಾಗಿ ಕೂರುವುದಿಲ್ಲ. ಎರಡು ಸಲ ಬೆಳಿಗ್ಗೆ ಬಸ್ ಹತ್ತಿದ ಮೇಲೆ ಅದರಲ್ಲಿ ಚಾರ್ಜೇ ಇರಲಿಲ್ಲ. ಹಾಗಾಗಿ ರಾತ್ರಿ ಮುಚ್ಚಳ ಹಾಕುವ ಮುಂಚೆ ಹೆಬ್ಬೆರಳಲ್ಲಿ ಒಮ್ಮೆ ಒತ್ತಿ, ದೀಪ ಹತ್ತಿತಾ ಅಂತ ನೋಡಿಯೇ ಮಲಗುತ್ತೇನೆ.